ಅಪ್ಪನ ಅಂಕಣದ ನಲವತ್ತೊಂದನೆಯ ಪದ

ಮೌಂಟ್ ಆಲ್ಬರ್ಟ್, ಆಕ್ಲೆಂಡ್
ಶನಿವಾರ, ೧೯ ಆಗಸ್ಟ್ ೨೦೦೬

ಪ್ರೀತಿಯ ಅಪ್ಪ,

ತೀರ್ಥರೂಪು ಎಂದು ಶುರುವಾಗದ ಕಾಗದವನ್ನು ನೀವು ಕಾಗದವೆಂದೇ ಒಪ್ಪುವವರಲ್ಲ. ಈ ಸಲ ಹೇಗಾದರೂ ಒಪ್ಪಿಕೊಳ್ಳಿ. ಕಣ್ಣು ಹೇಗಿದೆ? ಪೊರೆ ತೆಗೆಸಿದ ಮೇಲೆ ಎಡಗಣ್ಣಲ್ಲಿ ನೀರು ಬರುತ್ತಲೇ ಇದೆಯೆಂದು ಜಯಂತಣ್ಣ ಹೇಳಿದ. ಅತ್ತಿಗೆಯ ಕೈಯಿಂದ ಔಷಧಿ ಕಿತ್ತುಕೊಂಡು ನೀವೇ ಹಾಕಿಕೊಳ್ಳಲು ಹೋಗಿ ಅರ್ಧ ಬಾಟಲಿಯನ್ನು ಕೆನ್ನೆಗೆ ಕುಡಿಸುತ್ತೀರಂತೆ. ಎಪ್ಪತ್ತೈದರ ಹೊಸ್ತಿಲಲ್ಲಿ ನಿಂತವರು ಸೊಸೆಯ ಮಾತು ಸ್ವಲ್ಪ ಕೇಳಬೇಕು. ಅಮ್ಮನ ಮಂಡಿಗೆ ನಾನು ಕಳಿಸಿದ ಪಟ್ಟಿ ಸರಿಯಾಯಿತೇ? ಸಣ್ಣದಾದರೆ ಹೇಳಿ, ಅವಳೇನೂ ಬಾಯಿಬಿಟ್ಟು ಹೇಳುವವಳಲ್ಲ. ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಚಳಿಗಾಲದ ಬಾಲ ಇನ್ನೂ ಉಳಿದಿದೆ. ಈ ಮರದ ಮನೆಗಳಲ್ಲಿ ಹೊರಗಿಗಿಂತ ಒಳಗೇ ಚಳಿ ಜಾಸ್ತಿ. ಬೆಳಿಗ್ಗೆ ಏಳಕ್ಕೆ ಲ್ಯಾಬಿಗೆ ಹೋಗಿ ಊರಿನವರ ರಕ್ತದ ಸೀಸೆಗಳನ್ನು ಜೋಡಿಸುವಾಗ ನನ್ನ ಬೆರಳುಗಳೇ ಸೀಸೆಗಿಂತ ತಣ್ಣಗಿರುತ್ತವೆ. ಮುರಳಿಗೆ ಹಿಲ್ಸ್‌ಬರೋ ಕಡೆ ಚರಂಡಿ ಪೈಪು ಬದಲಿಸುವ ಕೆಲಸ ನಡೆದಿದೆ, ದಿನಾ ಮೊಣಕಾಲುದ್ದ ಕೆಸರು ಹೊತ್ತುಕೊಂಡು ಮನೆಗೆ ಬರುತ್ತಾನೆ. ನನ್ನ ಅತ್ತೆ ಮಾರ್ಚಿನಲ್ಲಿ ಬಂದವರು ಇಲ್ಲೇ ಇದ್ದಾರೆ, ಎರಡು ಸ್ವೆಟರಿನ ಮೇಲೊಂದು ಶಾಲು ಹೊದ್ದು ಹಿತ್ತಲಲ್ಲಿ ಮೆಂತ್ಯದ ಮಡಿ ಮಾಡಿದ್ದಾರೆ. ತನು ನನ್ನ ಭುಜಕ್ಕೆ ಬಂದಿದ್ದಾಳೆ. ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುವ ಅಭ್ಯಾಸ ಮಾತ್ರ ಹಾಗೇ ಇದೆ.

ನಿಮ್ಮ ಕಾಗದದಲ್ಲಿ ಎರಡು ಪ್ರಶ್ನೆಗಳಿದ್ದವು. ‘ಪದದ ಹುಟ್ಟು’ ಅಂಕಣದ ಐವತ್ತೆರಡು ಲೇಖನಗಳೂ ಡಿಸೆಂಬರಿನಲ್ಲಿ, ನಿಮ್ಮ ಎಪ್ಪತ್ತೈದರ ಸಮಾರಂಭದ ದಿನ, ಪುಸ್ತಕವಾಗಿ ಬರುತ್ತಿವೆ, ಅದಕ್ಕೆ ಮಗಳಾಗಿ ನಾಲ್ಕು ಸಾಲು ಬರೆದುಕೊಡುತ್ತೀಯಾ ಎಂಬುದು ಒಂದು. ಈ ಸಲವಾದರೂ ಅಳಿಯ ದೇವರು ನಮ್ಮ ಮನೆಯ ಹೊಸ್ತಿಲು ತುಳಿಯುತ್ತಾರೋ, ಇಲ್ಲ ಬಿಗುಮಾನ ಮಾಡಿಕೊಂಡು ತಮ್ಮೂರು ತಿಪಟೂರಿನಲ್ಲೇ ಕೂರುತ್ತಾರೋ ಎಂಬುದು ಇನ್ನೊಂದು. ಎರಡಕ್ಕೂ ಫೋನಿನಲ್ಲೇ ಉತ್ತರ ಹೇಳಬಹುದಿತ್ತು. ಆದರೆ ಭಾನುವಾರದ ಫೋನೆಂದರೆ ನೀವು ಸ್ಪೀಕರಿಗೆ ಹಾಕುತ್ತೀರಿ, ಮನೆಮಂದಿಯೆಲ್ಲ ಸುತ್ತ ಕೂರುತ್ತಾರೆ, ಕಷ್ಟದ ಮಾತು ಬಂದ ಕೂಡಲೇ ನೀವು ‘ಸರಿ, ಸರಿ, ಹವಾ ಹೇಗಿದೆ’ ಎನ್ನುತ್ತೀರಿ. ಕಾಗದಕ್ಕೆ ಹಾಗೆನ್ನಲು ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ, ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಇಲ್ಲಿಯ ಶಾಲೆಗಳಲ್ಲಿ ವರ್ಷಕ್ಕೊಮ್ಮೆ ಭಾಷಣ ಸ್ಪರ್ಧೆ. ಪ್ರತಿ ಮಗುವೂ ಮೂರು ನಿಮಿಷ ಮಾತಾಡಲೇಬೇಕು. ತನು ಆರಿಸಿಕೊಂಡ ವಿಷಯ ‘ನನ್ನ ಅಜ್ಜ ಮತ್ತು ಅವರ ಪದಗಳು’. ನಿಜ ಹೇಳುತ್ತೇನೆ, ನನಗೆ ಕುಣಿಯುವಷ್ಟು ಸಂತೋಷವಾಯಿತು. ನೀವು ಕಳಿಸಿದ ಪೇಪರಿನ ಕತ್ತರಿಕೆಗಳನ್ನೆಲ್ಲ ಊಟದ ಮೇಜಿನ ಮೇಲೆ ಹರವಿಕೊಂಡು ಇಬ್ಬರೂ ಕೂತೆವು. ನಾನು ಒಂದೊಂದನ್ನೂ ಇಂಗ್ಲಿಷಿಗೆ ತಂದು ಹೇಳಿದೆ. ‘ಬಂಗಲೆ’ ಅವಳಿಗೆ ರುಚಿಸಲಿಲ್ಲ, ‘ಶಾಂಪೂ’ ಪರವಾಗಿಲ್ಲ ಎಂದಳು. ನಲವತ್ತೊಂದನೆಯದು ಕೇಳಿದ ಮೇಲೆ ಮಾತ್ರ ಕುರ್ಚಿಯ ಮೇಲೆ ಕಾಲು ಮಡಿಸಿ ಕೂತು ‘ದಿಸ್ ಒನ್, ಅಮ್ಮಾ’ ಎಂದಳು. ಪದ ಯಾವುದೆಂದು ನಿಮಗೆ ನೆನಪಿದ್ದೀತು. ‘ಕೈಕ್’. ಈ ಕಾಗದದಲ್ಲಿ ಒಂದೇ ಸಲ ಬರೆಯುತ್ತೇನೆ, ಯಾವುದರ ಮಾತು ಎಂಬುದು ಸ್ಪಷ್ಟವಾಗಲಿ ಎಂದು. ನೂರು ವರ್ಷದ ಹಿಂದೆ ಯೂರೋಪಿನ ಬಡ ಯಹೂದಿಗಳು ಹಡಗಿನಲ್ಲಿ ಅಮೆರಿಕಕ್ಕೆ ಬಂದಿಳಿದಾಗ, ಓದುಬರಹ ಬಾರದವರು ಸಹಿಯ ಜಾಗದಲ್ಲಿ ಅಡ್ಡಗೀಟು ಹಾಕಿ ಎಂದು ಅಧಿಕಾರಿಗಳು ಹೇಳಿದರಂತೆ. ಅಡ್ಡಗೀಟು ಶಿಲುಬೆಯ ಹಾಗೆ ಕಾಣುತ್ತದೆ, ನಾವು ಹಾಕುವುದಿಲ್ಲ ಎಂದು ಅವರು ಸೊನ್ನೆ ಹಾಕಿದರಂತೆ. ಅವರ ಯಿಡ್ಡಿಷ್ ಭಾಷೆಯಲ್ಲಿ ವೃತ್ತಕ್ಕೆ ‘ಕೈಕಲ್’ ಎನ್ನುತ್ತಾರೆ, ಅದೇ ಸವೆದು ಆ ಜನರ ಹೆಸರಾಯಿತಂತೆ. ನೀವು ಎಷ್ಟು ಚೆನ್ನಾಗಿ ಬರೆದಿದ್ದಿರಿ! ‘ನಾಡು ಬಿಟ್ಟರೂ ನಿಷ್ಠೆ ಬಿಡದವರು, ಅವರು ಬರೆದ ಸೊನ್ನೆಯೇ ಅವರ ಬಿರುದಾಯಿತು.’ ಕೊನೆಗೆ, ಯಾರಾದರೂ ಯಹೂದಿ ಮಿತ್ರರು ಸಿಕ್ಕರೆ ಈ ಹೆಸರಿನಿಂದ ಕರೆದು ಅವರ ಮುಖ ಅರಳುವುದನ್ನು ನೋಡಿ ಎಂದೂ ಸೇರಿಸಿದ್ದಿರಿ.

ಹಾಸನದಲ್ಲಿ ಕೂತು ಓದುವವರಿಗೆ ಅಂಥ ಮಿತ್ರರು ಸಿಗುವುದಿಲ್ಲ. ನಮಗೆ ಪಕ್ಕದ ಮನೆಯಲ್ಲೇ ಇದ್ದಾರೆ. ವಾಲ್ಟರ್ ಬ್ರೌನರ್ ಎಂದು ಹೆಸರು, ವಯಸ್ಸು ಎಪ್ಪತ್ತೇಳು. ನ್ಯೂ ನಾರ್ತ್ ರೋಡಿನಲ್ಲಿ ಮೂವತ್ತು ವರ್ಷ ಕನ್ನಡಕದ ಅಂಗಡಿ ಇಟ್ಟಿದ್ದವರು. ಹೆಂಡತಿ ತೀರಿಹೋಗಿದ್ದಾರೆ. ಏಪ್ರಿಲ್ ಬಂತೆಂದರೆ ಅವರ ಫಿಜೋವಾ ಮರದ ಹಣ್ಣು ಬೇಲಿಯ ಮೇಲಿಂದ ಚೀಲ ಚೀಲವಾಗಿ ನಮ್ಮ ಮನೆಗೆ ಬರುತ್ತದೆ. ನಾವು ಬಂದ ಹೊಸದರಲ್ಲಿ ಕಸದ ಡಬ್ಬ ಯಾವ ದಿನ ಹೊರಗಿಡಬೇಕು ಎಂದು ಹೇಳಿಕೊಟ್ಟವರೂ ಅವರೇ. ತನು ಅವರನ್ನು ವಾಲ್ಟರ್ ಅಂಕಲ್ ಎಂದರೆ, ನನಗೆ ಇನ್ನೂ ಮೂವತ್ತಾಗಿಲ್ಲವೇನೋ ಎಂದು ನಗುತ್ತಾರೆ. ಡಿಸೆಂಬರಿನಲ್ಲಿ ತಮ್ಮ ಯಹೂದಿ ಹಬ್ಬಕ್ಕೆ ಅವರು ಎಂಟು ದಿನ ದೀಪ ಹಚ್ಚುವುದನ್ನು ಅವಳು ಮೂರು ವರ್ಷದಿಂದ ಹೋಗಿ ನೋಡುತ್ತಾಳೆ. ಹೀಗಾಗಿ ಅಜ್ಜ ಬರೆದ ಜನ ನಮ್ಮ ಬೇಲಿಯ ಆಚೆಗೇ ಇದ್ದಾರೆ ಎಂಬುದು ಅವಳಿಗೆ ದೊಡ್ಡ ಹೆಮ್ಮೆ. ಭಾಷಣದ ಕೊನೆಗೊಂದು ಸಾಲು ಬೇಕಿತ್ತು, ನಾನೇ ಬರೆದುಕೊಟ್ಟೆ. ನಮ್ಮ ಪಕ್ಕದ ಮನೆಯ ವಾಲ್ಟರ್ ಅಂಕಲ್ ಇಂಥವರು ಎಂದು ಹೇಳಿ, ಆ ಪದ ಹಾಕಿ, ಅವರು ನಮ್ಮವರೆಂಬುದು ನನಗೆ ಹೆಮ್ಮೆ ಎಂದು ಮುಗಿಸಿದ್ದೆ. ಆ ಸಾಲು ನಿಮ್ಮದಲ್ಲ ಅಪ್ಪ, ನನ್ನದು. ಈ ದೇಶಕ್ಕೆ ಬಂದು ಏಳು ವರ್ಷವಾಯಿತು. ಆ ಪದವನ್ನು ನಾನು ಯಾರ ಬಾಯಲ್ಲೂ ಕೇಳಿರಲಿಲ್ಲ, ಕೇಳದ್ದನ್ನು ಡಿಕ್ಷನರಿಯಲ್ಲಿ ನೋಡೋಣ ಎಂದೂ ಅನ್ನಿಸಲಿಲ್ಲ. ನೀವು ಬರೆದಿದ್ದೀರಿ ಎಂದಮೇಲೆ ನನಗೆ ಇನ್ನೊಂದು ಡಿಕ್ಷನರಿ ಬೇಕು ಎಂದೇ ಹೊಳೆಯುವುದಿಲ್ಲ.

ನಮ್ಮಲ್ಲಿ ಪರೀಕ್ಷೆಗೋ ಸ್ಪರ್ಧೆಗೋ ಹೋಗುವ ಮುಂಚೆ ಹಿರಿಯರ ಎದುರು ಒಪ್ಪಿಸಿ, ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತೇವಲ್ಲ, ನೀವು ನನ್ನಿಂದ ಮಾಡಿಸಿದ್ದನ್ನೇ ನಾನೂ ಮಗಳಿಂದ ಮಾಡಿಸುತ್ತೇನೆ. ಇಂಗ್ಲಿಷ್ ಭಾಷಣಕ್ಕೆ ಇಂಗ್ಲಿಷ್ ಬಲ್ಲ ಹಿರಿಯರೇ ಬೇಕೆಂದು ವರಮಹಾಲಕ್ಷ್ಮಿ ಹಬ್ಬದ ಮರುದಿನ, ಶನಿವಾರ ಮಧ್ಯಾಹ್ನ, ಉಳಿದ ಒಬ್ಬಟ್ಟನ್ನು ತಟ್ಟೆಯಲ್ಲಿಟ್ಟುಕೊಂಡು ತಾಯಿ ಮಗಳು ಅವರ ಮನೆಗೆ ಹೋದೆವು. ಅವರು ರೇಡಿಯೋ ಆರಿಸಿ, ಕುರ್ಚಿಯನ್ನು ಅವಳ ಎದುರಿಗೆ ತಿರುಗಿಸಿಕೊಂಡು ಕೂತರು. ಅವಳು ಚೀಟಿಗಳನ್ನು ಒಂದೊಂದಾಗಿ ಹಿಂದಕ್ಕೆ ಹಾಕುತ್ತ, ನಾನು ಹೇಳಿಕೊಟ್ಟ ಹಾಗೆಯೇ ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಸೊನ್ನೆ ಬಂದಾಗ ಗಾಳಿಯಲ್ಲಿ ಬೆರಳಿನಿಂದ ಸೊನ್ನೆ ಬರೆದು, ಕೊನೆಯ ಸಾಲಿಗೆ ಬಂದಾಗ ಅವರ ಕಡೆಗೇ ತಿರುಗಿ, ಜೋರಾಗಿ ಹೇಳಿದಳು. ಹೇಳಿ ಬಗ್ಗಿ ಕಾಲು ಮುಟ್ಟಿದಳು. ಅವರು ಎಂದಿನಂತೆ ತಲೆಯ ಮೇಲೆ ಕೈ ಇಡಲಿಲ್ಲ. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿಕೊಂಡರು. ಮೂವತ್ತು ವರ್ಷ ಕನ್ನಡಕ ಮಾರಿದವರು ಯಾರೂ ಅಂಗಿಯಿಂದ ಕನ್ನಡಕ ಒರೆಸುವುದಿಲ್ಲ, ಅದನ್ನು ನೋಡಿಯೇ ಏನೋ ತಪ್ಪಾಗಿದೆ ಎಂದು ನನಗೆ ಅನ್ನಿಸಿತು. ಚೀಟಿಗಳನ್ನು ಇಸಿದುಕೊಂಡು ಓದಿದರು. ಆಮೇಲೆ ತನುವನ್ನು ಕರೆದು, ಟಪಾಲು ಪೆಟ್ಟಿಗೆಯಲ್ಲಿ ಏನಾದರೂ ಬಂದಿದೆಯೇ ನೋಡಿಕೊಂಡು ಬಾ ಎಂದು ಕಳಿಸಿದರು.

ಅವರು ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ಈ ಪದವನ್ನು ಯಹೂದಿಗಳನ್ನು ಹೀಗಳೆಯುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಳಸುವುದಿಲ್ಲ, ಇಂಗ್ಲಿಷಿನಲ್ಲಿ ನಮಗಿರುವ ಬೈಗುಳಗಳಲ್ಲಿ ಇದಕ್ಕಿಂತ ಕೀಳಾದದ್ದು ಕಡಿಮೆ ಎಂದು, ಡಾಕ್ಟರು ರಿಪೋರ್ಟು ಓದಿ ಹೇಳುವ ಧ್ವನಿಯಲ್ಲಿ ಹೇಳಿದರು. ಒಬ್ಬಟ್ಟಿನ ತಟ್ಟೆ ಕೈಯಲ್ಲೇ ಇತ್ತು, ಎಲ್ಲಿಡಬೇಕೆಂದು ತಿಳಿಯಲಿಲ್ಲ. ಅವರೇ ಇಸಿದುಕೊಂಡು ಮೇಜಿನ ಮೇಲಿಟ್ಟರು. ಅವರು ವಿಯೆನ್ನಾದಲ್ಲಿ ಹುಟ್ಟಿದವರು. ಮೂವತ್ತೊಂಬತ್ತರಲ್ಲಿ, ಹತ್ತು ವರ್ಷದವರಿದ್ದಾಗ, ತಾಯಿಯ ಜೊತೆ ಈ ದೇಶಕ್ಕೆ ಬಂದರು. ಯುದ್ಧದ ಕಾಲದಲ್ಲಿ ರಜೆಗೆಂದು ಅಮೆರಿಕನ್ ಸೈನಿಕರು ವೆಲ್ಲಿಂಗ್ಟನ್ನಿಗೆ ಬರುತ್ತಿದ್ದರಂತೆ. ಇವರು ಕೆಲಸಕ್ಕಿದ್ದ ಅಂಗಡಿಯಲ್ಲಿ ಒಬ್ಬ ಸೈನಿಕ ಇವರ ಹೆಸರು ಕೇಳಿ, ಭುಜ ತಟ್ಟಿ, ಆ ಪದದಿಂದ ಕರೆದನಂತೆ. ಅರ್ಥ ಗೊತ್ತಿಲ್ಲದ ಹದಿನಾಲ್ಕರ ಹುಡುಗ ನಕ್ಕು ‘ಥ್ಯಾಂಕ್ಯೂ ಸರ್’ ಎಂದನಂತೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರಂತೆ. ಬೈದದ್ದಕ್ಕಿಂತ ಆ ಥ್ಯಾಂಕ್ಯೂ ಹೆಚ್ಚು ದಿನ ಚುಚ್ಚಿತು ಎಂದರು. ಅದಕ್ಕೇ ಈ ಮಗುವನ್ನು ಆ ಪದ ಹಿಡಿದು ಶಾಲೆಯ ಸ್ಟೇಜ್ ಹತ್ತಲು ಬಿಡಬಾರದು, ನನ್ನ ಸಲುವಾಗಿ ಅಲ್ಲ, ಅವಳ ಸಲುವಾಗಿ ಎಂದರು.

ಸೊನ್ನೆಯ ಕಥೆ ಅವರಿಗೂ ಗೊತ್ತು. ಬೇಕಾದಷ್ಟು ಜನ ಹೇಳಿದ್ದಾರಂತೆ, ಎಲ್ಲರೂ ಉಡುಗೊರೆ ಕೊಡುವವರ ಹಾಗೆ ನಗುಮುಖದಿಂದಲೇ ಹೇಳಿದ್ದಾರಂತೆ. ನಿಜವಿದ್ದರೂ ಇರಬಹುದು, ಆದರೆ ಯಾರ ಹತ್ತಿರವೂ ಪುರಾವೆ ಇಲ್ಲ. ನನ್ನ ಅಜ್ಜ ಮೂರು ಲಿಪಿಗಳಲ್ಲಿ ಸಹಿ ಹಾಕುತ್ತಿದ್ದರು, ಹೀಬ್ರೂ ಅಕ್ಷರದಲ್ಲಿ ಹೆಸರು ಬರೆಯಬಲ್ಲವರು ಯಾಕೆ ಸೊನ್ನೆ ಹಾಕುತ್ತಾರೆ ಎಂದು ನನ್ನನ್ನೇ ಕೇಳಿದರು. ಇನ್ನೊಂದು ವಾದವೂ ಇದೆಯಂತೆ. ಪೋಲೆಂಡ್, ರಷ್ಯಾ ಕಡೆಯ ಯಹೂದಿಗಳ ಮನೆತನದ ಹೆಸರುಗಳು ಹೆಚ್ಚಾಗಿ ‘ಸ್ಕಿ’ ಎಂದು ಮುಗಿಯುತ್ತವೆ. ಅವರಿಗಿಂತ ಮುಂಚೆಯೇ ಅಮೆರಿಕಕ್ಕೆ ಬಂದು ಅಂಗಡಿ ಮುಂಗಟ್ಟು ಮಾಡಿಕೊಂಡಿದ್ದ ಜರ್ಮನ್ ಯಹೂದಿಗಳು, ಹಿಂದೆ ಬಂದ ಈ ಬಡವರನ್ನು ‘ಕಿ ಕಿ’ ಎಂದು ಆಡಿಕೊಂಡರು, ಅದೇ ಪದವಾಯಿತು ಎಂದು. ಅದಕ್ಕೂ ಗಟ್ಟಿ ಪುರಾವೆಯಿಲ್ಲ. ಆದರೆ ನನಗೆ ಇದನ್ನು ನಂಬುವುದು ಸುಲಭ ಎಂದರು ವಾಲ್ಟರ್. ಯಾಕೆಂದರೆ ವಿಯೆನ್ನಾದಲ್ಲಿ ಅವರ ಸ್ವಂತ ಅಜ್ಜಿ, ಗಂಟು ಹೊತ್ತು ಪೂರ್ವದಿಂದ ಬಂದ ಯಹೂದಿಗಳಿಗೆ ಒಂದು ಹೆಸರು ಇಟ್ಟಿದ್ದರಂತೆ. ಊಟಕ್ಕೆ ಕೂತಾಗ ಉಪ್ಪು ಕೊಡು ಎನ್ನುವಷ್ಟು ಸಲೀಸಾಗಿ ಆ ಪದ ಆಡುತ್ತಿದ್ದರಂತೆ. ತುಂಬ ಒಳ್ಳೆಯ ಹೆಂಗಸು, ಬಡಮಕ್ಕಳಿಗೆ ಹಾಲು ಕೊಡುತ್ತಿದ್ದಳು, ಆ ಪದವನ್ನೂ ಆಡುತ್ತಿದ್ದಳು ಎಂದರು. ಆಮೇಲೆ ನಾಜಿಗಳು ಅಜ್ಜಿಯನ್ನೂ ಆ ಜನರನ್ನೂ ಒಂದೇ ರೈಲಿಗೆ ತುಂಬಿದರು. ಇಷ್ಟು ಹೇಳಿ ಅವರು ಒಬ್ಬಟ್ಟು ಮುರಿದು ತಿಂದರು, ತುಪ್ಪ ಈ ಸಲ ಜಾಸ್ತಿಯಾಗಿದೆ ಎಂದರು.

ಸೋಮವಾರ ಊಟದ ಬಿಡುವಿನಲ್ಲಿ ಲೈಬ್ರರಿಗೆ ಹೋಗಿ ದೊಡ್ಡ ಡಿಕ್ಷನರಿಯ ಸಂಪುಟ ತೆಗೆದೆ. ಹುಟ್ಟು ಖಚಿತವಿಲ್ಲ ಎಂದು ಇತ್ತು, ಜೊತೆಗೆ ನಿಂದೆಯ ಪದ ಎಂಬ ಎಚ್ಚರಿಕೆ. ಈ ಕಥೆ ಸಿಕ್ಕಿತೆಂದು ನೀವು ಬರೆದಿದ್ದ ಹಳೆಯ ಇಂಗ್ಲಿಷ್ ಪತ್ರಿಕೆಯವರು ಜಾಗ ತುಂಬಿಸಲು ಸೊನ್ನೆಯ ಕಥೆಯನ್ನಷ್ಟೇ ಹಾಕಿ ಎಚ್ಚರಿಕೆಯನ್ನು ಬಿಟ್ಟಿದ್ದಾರೆ. ನಿಮ್ಮ ಕಪಾಟಿನ ಸಣ್ಣ ಡಿಕ್ಷನರಿಯಲ್ಲಿ ಆ ಪದವೇ ಇಲ್ಲ. ಆದ್ದರಿಂದ ನಿಮ್ಮನ್ನು ದೂರುತ್ತಿಲ್ಲ. ಆದರೆ ನಲವತ್ತೊಂದನೆಯ ಲೇಖನ ಪುಸ್ತಕದಲ್ಲಿ ಹಾಗೇ ಬರಬಾರದು. ತೆಗೆದುಬಿಡಿ, ಇಲ್ಲವೇ ಹುಟ್ಟು ಗೊತ್ತಿಲ್ಲ, ಅರ್ಥ ಇಂಥದ್ದು, ನಾನು ತಪ್ಪಿದ್ದೆ ಎಂದು ಹೊಸದಾಗಿ ಬರೆಯಿರಿ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಹುಡುಗರ ತಪ್ಪಿಗೆ ಕೆಂಪು ಶಾಯಿ ಹಾಕಿದವರಿಗೆ ಇದೇನೂ ಕಷ್ಟವಾಗಲಾರದು. ಅಂದಹಾಗೆ ತನುವಿಗೆ ವಿಷಯ ತಿಳಿದಾಗ ದಿಂಬಿನಲ್ಲಿ ಮುಖ ಹುದುಗಿಸಿ ಅತ್ತಳು. ಅಜ್ಜನ ಮೇಲೆ, ನನ್ನ ಮೇಲೆ, ತನ್ನ ಮೇಲೆ, ಮೂವರ ಮೇಲೂ ಸಿಟ್ಟು. ಮರುದಿನ ಒಬ್ಬಳೇ ಹೋಗಿ ವಾಲ್ಟರ್ ಅವರಲ್ಲಿ ಸಾರಿ ಹೇಳಿ ಬಂದಳು. ಇಬ್ಬರೂ ಕೂತು ಹೊಸ ಭಾಷಣ ಬರೆದರು. ಆ ಪದದ ಹೆಸರೆತ್ತದೆ, ಕಥೆ ಚೆಂದವಿದ್ದ ಮಾತ್ರಕ್ಕೆ ನಿಜವಾಗುವುದಿಲ್ಲ ಎಂಬುದರ ಮೇಲೆ ಮಾತಾಡಿದಳು. ಬಹುಮಾನ ಬರಲಿಲ್ಲ, ತನ್ನ ನಾಯಿಯ ಬಗ್ಗೆ ಮಾತಾಡಿದ ಹುಡುಗನಿಗೆ ಬಂತು. ನಾಯಿಯನ್ನೂ ಕರೆತಂದಿದ್ದ.

ಇನ್ನು ನಿಮ್ಮ ಎರಡನೆಯ ಪ್ರಶ್ನೆ. ವಾಲ್ಟರ್ ತಮ್ಮ ಅಜ್ಜಿಯ ಮಾತು ಹೇಳುತ್ತಿದ್ದಾಗ ನನಗೆ ಕಂಡದ್ದು ವಿಯೆನ್ನಾದ ಊಟದ ಮೇಜಲ್ಲ, ನಮ್ಮ ಮನೆಯ ಅಡುಗೆಕೋಣೆ. ಹನ್ನೊಂದು ವರ್ಷದ ಹಿಂದೆ, ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಎಲ್ಲರೂ ಮನೆಗೆ ಊಟಕ್ಕೆ ಬಂದೆವಲ್ಲ, ಆ ದಿನ. ನೀವು ಆ ಮದುವೆಗೆ ಒಪ್ಪಿದ್ದೇ ದೊಡ್ಡದು, ಅದನ್ನು ನಾನು ಮರೆತಿಲ್ಲ, ನಂಟರಿಷ್ಟರ ಎದುರು ನನಗಾಗಿ ಎಷ್ಟು ಮಾತು ಕೇಳಿದಿರಿ ಎಂಬುದೂ ಗೊತ್ತು. ಆದರೆ ಅಡುಗೆಯವರ ಹತ್ತಿರ ಹೋಗಿ, ನನ್ನ ಅತ್ತೆಯನ್ನು ಅವರ ಹೆಸರಿನಿಂದಲ್ಲ, ಬೀಗಿತ್ತಿ ಎಂದೂ ಅಲ್ಲ, ಅವರ ಜಾತಿಯ ಮೇಲಿನ ಆ ಬೈಗುಳದಿಂದ ಕರೆದು, ‘ಅವಳ ಎಲೆ ಹಿತ್ತಲ ಜಗಲೀಲಿ ಹಾಕಿ’ ಎಂದಿರಿ. ನಾನು ಬಾಗಿಲ ಮರೆಯಲ್ಲಿದ್ದೆ. ಮುರಳಿ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದ, ನಲ್ಲಿ ನಿಲ್ಲಿಸಿದ. ಮರುದಿನ ಬೆಳಿಗ್ಗೆ ಧೈರ್ಯ ಮಾಡಿ ನಾನು ಕೇಳಿದ್ದಕ್ಕೆ ನೀವು ಹೇಳಿದ್ದು ನೆನಪಿದೆಯೇ? ‘ಅದು ಬೈಗುಳ ಅಲ್ಲ ಕಣೇ, ಮೂಲದಲ್ಲಿ ಕಸುಬಿನ ಹೆಸರು, ಧಾತು ನೋಡು’ ಎಂದು ಕಪಾಟಿನಿಂದ ಪುಸ್ತಕ ತೆಗೆದು ತೋರಿಸಿದಿರಿ. ನಾನು ನೋಡಿದೆ. ನನಗೆ ಸಮಾಧಾನವೇ ಆಗಿಬಿಟ್ಟಿತು ಅಪ್ಪ, ಅದನ್ನು ನೆನೆದರೆ ಈಗ ನಾಚಿಕೆಯಾಗುತ್ತದೆ. ಅಷ್ಟೇ ಅಲ್ಲ, ಬಸ್ಸಿನಲ್ಲಿ ತಿಪಟೂರಿಗೆ ಹೋಗುವಾಗ ಮುರಳಿಗೂ ಅದನ್ನೇ ಹೇಳಿದೆ, ಮೂಲದಲ್ಲಿ ಕಸುಬಿನ ಹೆಸರಂತೆ ಎಂದು. ಅವನು ಕಿಟಕಿಯ ಕಡೆ ತಿರುಗಿದ. ಆ ವಿಷಯವನ್ನು ಇವತ್ತಿನವರೆಗೂ ಅವನು ಎತ್ತಿಲ್ಲ, ನಮ್ಮ ಮನೆಗೂ ಬಂದಿಲ್ಲ. ನಾವು ಎರಡು ಸಲ ಊರಿಗೆ ಬಂದಾಗಲೂ ನನ್ನನ್ನೂ ತನುವನ್ನೂ ಹಾಸನದ ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಅದೇ ಬಸ್ಸಿಗೆ ವಾಪಸು ಹೋದ. ನೀವು ಅದನ್ನು ಬಿಗುಮಾನ ಎನ್ನುತ್ತೀರಿ.

ನಿಮಗೆ ನೋವು ಮಾಡಬೇಕೆಂದು ಇದನ್ನೆಲ್ಲ ಬರೆಯುತ್ತಿಲ್ಲ. ಅಕ್ಷರ ಕಲಿಸಿದವರು ನೀವು. ಒಂದು ಪದ ಸಿಕ್ಕಿದರೆ ತೋಟದ ಮಾಲಿ ಗಿಡ ನೋಡುವ ಹಾಗೆ ಬೇರಿನಿಂದ ತುದಿಯವರೆಗೂ ನೋಡುವ ನಿಮ್ಮ ಗುಣ ಕಂಡರೆ ನನಗೆ ಈಗಲೂ ಅಕ್ಕರೆ. ಆದರೆ ನಾನು ಲ್ಯಾಬಿನವಳು. ರಕ್ತ ಎಲ್ಲಿಂದ ಬಂತು ಎಂಬುದನ್ನು ಚೀಟಿಯಲ್ಲಿ ಬರೆದಿರುತ್ತಾರೆ, ಅದರಲ್ಲಿ ಏನಿದೆ ಎಂಬುದನ್ನು ನಾನು ನೋಡಿಯೇ ಹೇಳಬೇಕು. ಆ ದಿನ ನಿಮ್ಮ ಬಾಯಿಂದ ಬಂದ ಪದದಲ್ಲಿ ಏನಿತ್ತು ಎಂದು ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಧಾತು ನೋಡುವ ನೆಪದಲ್ಲಿ ಇಬ್ಬರೂ ಬೇರೆ ಕಡೆ ನೋಡಿದೆವು. ಮುರಳಿಯನ್ನು ಡಿಸೆಂಬರಿಗೆ ಬಾ ಎಂದು ನಾನು ಕೇಳಿಲ್ಲ, ಯಾವ ಬಾಯಿಂದ ಕೇಳಲಿ? ಪುಸ್ತಕದ ನಾಲ್ಕು ಸಾಲನ್ನೂ ಇನ್ನೂ ಬರೆದಿಲ್ಲ. ಬರೆಯಲು ಕೂತಾಗಲೆಲ್ಲ ‘ನಮ್ಮ ತಂದೆಗೆ ಪದಗಳೆಂದರೆ ಪ್ರಾಣ’ ಎಂಬ ಮೊದಲ ಸಾಲು ಬರುತ್ತದೆ, ಮುಂದಕ್ಕೆ ಹೋಗುವುದಿಲ್ಲ.

ಅಮ್ಮನಿಗೆ ಈ ಕಾಗದ ಓದಿ ಹೇಳುವುದು ಬಿಡುವುದು ನಿಮಗೆ ಬಿಟ್ಟದ್ದು. ಅವಳಿಗೆ ನನ್ನ ನಮಸ್ಕಾರ. ಅಣ್ಣ ಅತ್ತಿಗೆಗೆ ನೆನಪುಗಳು. ಮಂಡಿಗೆ ಹಚ್ಚುವ ಮುಲಾಮನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ, ಅದನ್ನು ತಪ್ಪಿಯೂ ಕಣ್ಣಿಗೆ ಹಾಕಿಕೊಳ್ಳಬೇಡಿ. ವಾಲ್ಟರ್ ಅವರು ನಿಮ್ಮ ಮೇಲೆ ಕೋಪವಿಲ್ಲ ಎಂದು ತಿಳಿಸಲು ಹೇಳಿದ್ದಾರೆ, ಉಳಿದ ಲೇಖನಗಳನ್ನೂ ಓದಿ ಹೇಳು ಎಂದಿದ್ದಾರೆ. ‘ಬಂಗಲೆ’ ಅವರಿಗೆ ತುಂಬ ಹಿಡಿಸಿತು. ನಿಮಗೆ ಇಲ್ಲಿಂದಲೇ ಬಗ್ಗಿ ಕಾಲು ಮುಟ್ಟುತ್ತಿದ್ದೇನೆ, ತಲೆಯ ಮೇಲೆ ಕೈ ಇಡುವುದು ಬಿಡುವುದು ಕಾಗದ ಪೂರ್ತಿ ಓದಿದ ಮೇಲೆ.

ನಿಮ್ಮ ಮಗಳು,
ವೇದಾ

ಮರೆತ ಮಾತು: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದ್ದೇನೆ. ನನ್ನ ಅತ್ತೆಗೆ ಆ ದಿನ ಏನೂ ಕೇಳಿಸಿರಲಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಈಗ ಅರ್ಧ ಗಂಟೆಯ ಹಿಂದೆ ತನು ಅವರ ಹತ್ತಿರ ಹೋಗಿ, ಕನ್ನಡದಲ್ಲೂ ಅಂಥ ಕೆಟ್ಟ ಪದ ಇದೆಯಾ ಅಜ್ಜಿ ಎಂದು ಕೇಳಿದ್ದಾಳೆ. ‘ಐತೆ ಮಗ, ನೀನು ದೊಡ್ಡೋಳಾದ್ಮೇಲೆ ಹೇಳ್ತೀನಿ’ ಎಂದರು. ನಾನು ತಡೆಯಲಾಗದೆ ಕೇಳಿಯೇಬಿಟ್ಟೆ. ‘ಕೇಳಿಸ್ತು ಕಣವ್ವ, ಅಲ್ಲೇ ಇದ್ನಲ್ಲ’ ಎಂದರು. ‘ಜಗಲಿ ಮೇಲೆ ಕೂತು ಪಾಯಸ ಎರಡು ಸಲ ಹಾಕಿಸ್ಕಂಡೆ. ನೀನು ಮದುಮಗಳು, ನಿನ್ನ ಮಕ ಬಾಡೋಗಿತ್ತು, ಅದಕ್ಕೆ.’ ಅಪ್ಪ, ಇಲ್ಲಿ ನಿಮ್ಮ ಅಂಕಣವನ್ನು ನನಗಿಂತ ಮೊದಲು ಓದುವವರು ಅವರೇ. ಇಪ್ಪತ್ತೆಂಟು ವರ್ಷ ಅಂಗನವಾಡಿಯಲ್ಲಿ ಮಕ್ಕಳಿಗೆ ಅಕ್ಷರ ತೀಡಿಸಿದವರು, ಬೆರಳಿಟ್ಟು ಒಂದಕ್ಷರ ಬಿಡದೆ ಓದುತ್ತಾರೆ. ಮೊದಲೆಲ್ಲ ಬೇಸರ ಕಳೆಯಲು ಎಂದುಕೊಂಡಿದ್ದೆ. ಈಗ ಹೇಳಿದರು: ‘ನಿಮ್ಮಪ್ಪಾರು ಒಂದೊಂದು ಪದಾನೂ ಎಷ್ಟು ಚೆಂದಾಗಿ ಬಿಡಿಸಿ ಬರೀತಾರೆ. ಆ ಪದಾನ ಯಾವತ್ತು ಬರೀತಾರೋ ಅಂತ ವಾರ ವಾರ ನೋಡ್ತಿರ್ತೀನಿ.’ ಹೇಳಿ ಮೆಂತ್ಯಕ್ಕೆ ನೀರು ಹಾಕಲು ಹೋದರು. ಅಪ್ಪ, ಅಂಕಣದಲ್ಲಿ ಬರೆಯಬೇಡಿ. ಅವರಿಗೊಂದು ಕಾಗದ ಬರೆಯಿರಿ. ಲಕೋಟೆಯ ಮೇಲೆ ನನ್ನ ಹೆಸರು ಬೇಡ, ಶ್ರೀಮತಿ ಲೀಲಾವತಿ ಎಂದು ಬರೆಯಿರಿ, ವಿಳಾಸ ಇದೇ. ಆ ಪದ ಎಲ್ಲಿಂದ ಹುಟ್ಟಿತು ಎಂದು ಅದರಲ್ಲಿ ಹೇಳಬೇಡಿ, ಆ ದಿನ ನಿಮ್ಮ ಬಾಯಿಗೆ ಯಾಕೆ ಬಂತು ಎಂದು ಹೇಳಿ. ಅವರು ಅದನ್ನು ಓದಿದ ದಿನ ನಾಲ್ಕು ಟಿಕೆಟ್ ತೆಗೆಸುತ್ತೇನೆ.